ಇಂಜಿನ್ ಕಾಯುವುದೇಕೆ? ಫ್ಯಾನು, ನೀರು ಮತ್ತು ಉಷ್ಣಮಾಪಕದ ಪರೀಕ್ಷೆ

ನಮ್ಮ ಸದಸ್ಯ ಬಾಂಧವರಲ್ಲಿ ಜೀಪು, ಪಿಕಪ್ ಅಥವಾ ಕಾರು ಇಲ್ಲದ ಮನೆ ಈಗ ಅಪರೂಪ. ಕೊಯ್ಲಿನ ಕಾಲದಲ್ಲಿ ಕೆಲಸಗಾರರನ್ನು ಕರೆತರಲು, ಹಣ್ಣಿನ ಮೂಟೆಗಳನ್ನು ಪಲ್ಪರಿಗೆ ಸಾಗಿಸಲು, ಸುಲಿದ ಅಡಿಕೆಯನ್ನು ಮಂಡಿಗೆ ಒಯ್ಯಲು, ಅಪರಾತ್ರಿಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಪೇಟೆಯ ಆಸ್ಪತ್ರೆಗೆ ಓಡಲು ಅದೇ ಆಧಾರ. ಇಂಥ ಗಾಡಿಯ ಇಂಜಿನ್ ಘಾಟಿಯ ನಡುವೆ ಕಾದು ನಿಂತರೆ ಆಗುವ ನಷ್ಟ ಬರಿಯ ರಿಪೇರಿ ಖರ್ಚಿನದಲ್ಲ.

ಇಂಜಿನ್ ಕಾದಾಗ ರೇಡಿಯೇಟರನ್ನು ದೂರುವುದು, ಅದನ್ನು ಬದಲಾಯಿಸಿಯೂ ಹೋಗದಿದ್ದರೆ ವಾಟರ್ ಪಂಪನ್ನು ಬದಲಾಯಿಸುವುದು ವಾಡಿಕೆಯಾಗಿದೆ. ಹೀಗೆ ಊಹೆಯ ಮೇಲೆ ಸಾಮಾನು ಬದಲಾಯಿಸುವುದು, ರೋಗ ಯಾವುದೆಂದು ನೋಡದೆ ಎಲ್ಲ ಗಿಡಗಳಿಗೂ ಔಷಧಿ ಹೊಡೆದಂತೆ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳತಕ್ಕದ್ದು: ಗಾಡಿ ಯಾವಾಗ ಕಾಯುತ್ತದೆ? ನಿಂತಾಗಲೋ, ಓಡುವಾಗಲೋ, ಎರಡರಲ್ಲಿಯೂ ಕಾಯುತ್ತದೆಯೋ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ತಂಪಾಗುವ ಕ್ರಮ

ಇಂಜಿನಿನ ಸುತ್ತ ನೀರು ಹರಿದು ಶಾಖವನ್ನು ಹೊತ್ತು ರೇಡಿಯೇಟರಿಗೆ ಬರುತ್ತದೆ. ಅಲ್ಲಿ ಗಾಳಿಗೆ ತಣಿದು ಹಿಂದಿರುಗುತ್ತದೆ. ನೀರನ್ನು ತಿರುಗಿಸುವುದು ವಾಟರ್ ಪಂಪು. ನೀರು ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್‌ಗೆ ಬರುವತನಕ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು ಥರ್ಮೋಸ್ಟಾಟ್. ಗಾಡಿ ವೇಗವಾಗಿ ಓಡುವಾಗ ಎದುರುಗಾಳಿಯೇ ಸಾಕಾಗುತ್ತದೆ. ನಿಂತಾಗ ಮತ್ತು ನಿಧಾನವಾಗಿ ಹೋಗುವಾಗ ಗಾಳಿ ಎಳೆಯುವುದಕ್ಕೆ ಫ್ಯಾನು ಬೇಕು.

ಹಳೆಯ ಜೀಪು ಮತ್ತು ಅಂಬಾಸಿಡರ್ ಕಾರುಗಳಲ್ಲಿ ಫ್ಯಾನು ಬೆಲ್ಟಿನಿಂದ ತಿರುಗುತ್ತಿತ್ತು. 1983ರಲ್ಲಿ ಬಂದ ಮಾರುತಿ 800ರಲ್ಲಿ ಇಂಜಿನನ್ನು ಅಡ್ಡಲಾಗಿ ಕೂರಿಸಿದ್ದರಿಂದ ಅದಕ್ಕೆ ವಿದ್ಯುತ್ ಫ್ಯಾನನ್ನು ಅಳವಡಿಸಿದರು. ಇಂದಿನ ಹೆಚ್ಚಿನ ಕಾರುಗಳಲ್ಲಿ ಇದೇ ಏರ್ಪಾಡು. ನೀರು ಸಾಮಾನ್ಯವಾಗಿ 92ರಿಂದ 100 ಡಿಗ್ರಿಯ ನಡುವೆ ಬಂದಾಗ ಫ್ಯಾನು ತಾನಾಗಿ ಹೊರಟು, ತಣಿದ ಮೇಲೆ ನಿಲ್ಲುತ್ತದೆ.

ರೇಡಿಯೇಟರಿನ ಮುಚ್ಚಳವನ್ನೂ ಅಲಕ್ಷಿಸಬಾರದು. ಸುಮಾರು 1,100 ಮೀಟರ್ ಎತ್ತರದ ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಒಳಗೆ ಒತ್ತಡ ಕಟ್ಟುವುದರಿಂದ ಕುದಿಯುವ ಬಿಂದು 115 ಡಿಗ್ರಿಯನ್ನೂ ದಾಟುತ್ತದೆ. ಮುಚ್ಚಳದ ರಬ್ಬರ್ ಸವೆದರೆ ಉಳಿದೆಲ್ಲ ಭಾಗಗಳು ಸರಿಯಿದ್ದರೂ ಮಲೆನಾಡಿನ ಏರಿನಲ್ಲಿ ನೀರು ಕುದಿದು ಹೊರಬೀಳುವುದು.

ಯಾವಾಗ ಕಾಯುತ್ತದೆ?

1. ನಿಂತಾಗ, ಪೇಟೆಯ ದಟ್ಟಣೆಯಲ್ಲಿ, ತೋಟದೊಳಗಿನ ನಿಧಾನದ ಓಡಾಟದಲ್ಲಿ ಮುಳ್ಳು ಏರಿ, ಹೆದ್ದಾರಿಗೆ ಬಂದೊಡನೆ ಇಳಿದರೆ ಕೊರತೆ ಗಾಳಿಯದು. ಫ್ಯಾನನ್ನು ನೋಡಿ.

2. ನಿಂತಾಗ ಸರಿಯಿದ್ದು, ವೇಗದಲ್ಲಿ ಅಥವಾ ಚಾರ್ಮಾಡಿಯಂಥ ಏರಿನಲ್ಲಿ ಹೊರೆ ಹೊತ್ತಾಗ ಕಾದರೆ ಫ್ಯಾನಿಗಿಂತ ಮೊದಲು ನೀರಿನ ಹರಿವನ್ನು ಸಂಶಯಿಸಬೇಕು. ರೇಡಿಯೇಟರ್ ಕಟ್ಟಿರಬಹುದು, ಥರ್ಮೋಸ್ಟಾಟ್ ಪೂರ್ತಿ ತೆರೆಯದಿರಬಹುದು, ಪಂಪು ಸೋತಿರಬಹುದು. ಬೆಲ್ಟಿನ ಫ್ಯಾನಿರುವ ಗಾಡಿಯಲ್ಲಿ ಬೆಲ್ಟು ಜಾರುತ್ತಿರಲೂಬಹುದು.

3. ಎಲ್ಲ ಸಂದರ್ಭದಲ್ಲಿಯೂ ಕಾದು, ದಿನದಿಂದ ದಿನಕ್ಕೆ ನೀರು ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಹೊರಗೆ ಸೋರಿಕೆ ಕಾಣದಿದ್ದರೆ ಗ್ಯಾಸ್ಕೆಟನ್ನು ಸಂಶಯಿಸಬೇಕು.

ವಿದ್ಯುತ್ ಫ್ಯಾನಿನ ಪರೀಕ್ಷೆ

ಮೊದಲು ಒಂದು ಎಚ್ಚರಿಕೆ. ಇಂಜಿನ್ ಬಿಸಿಯಿದ್ದಾಗ ಕೀಲಿ ತೆಗೆದ ಮೇಲೂ ಕೆಲವು ಗಾಡಿಗಳ ಫ್ಯಾನು ತಟ್ಟನೆ ತಿರುಗುವುದುಂಟು. ಫ್ಯಾನಿಗೆ ಕೈ ಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿರಬೇಕು. ಪಂಚೆಯ ಚುಂಗು, ಶಾಲುಗಳನ್ನು ದೂರವಿಡಬೇಕು.

ಏ.ಸಿ. ಇರುವ ಗಾಡಿಯಾದರೆ ಇಂಜಿನ್ ನಡೆಯುತ್ತಿರುವಾಗ ಏ.ಸಿ. ಹಾಕಿ ನೋಡಿ. ಸ್ವಲ್ಪ ಹೊತ್ತಿನಲ್ಲಿ ಫ್ಯಾನು ತಿರುಗಬೇಕು. ತಿರುಗಿದರೆ ಆ ಮೋಟಾರು ಜೀವಂತವಾಗಿದೆಯೆಂದು ತಿಳಿಯಬಹುದು. ಎರಡು ಫ್ಯಾನುಗಳಿರುವ ಗಾಡಿಯಲ್ಲಿ ತಿರುಗಿದ್ದು ಯಾವುದೆಂಬುದನ್ನು ಗಮನಿಸಿ. ತಿರುಗದಿದ್ದರೆ ಕೆಳಗಿನ ಕ್ರಮದಲ್ಲಿ ಮುಂದುವರಿಯಿರಿ.

ಫ್ಯೂಸ್: ಸುಟ್ಟಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ. ಬೀಡಿ ಕಟ್ಟಿನ ಬೆಳ್ಳಿ ಕಾಗದವನ್ನೋ ದಪ್ಪ ತಂತಿಯನ್ನೋ ಸುತ್ತಿದರೆ ಮುಂದೆ ಸುಡುವುದು ಫ್ಯೂಸಲ್ಲ, ಗಾಡಿ. ಹೊಸ ಫ್ಯೂಸೂ ಕೂಡಲೇ ಹೋದರೆ ಮೋಟಾರು ಬಿಗಿದಿದೆ ಅಥವಾ ತಂತಿಯ ಹೊದಿಕೆ ಹರಿದು ಬಾಡಿಗೆ ತಾಗುತ್ತಿದೆ.

ರಿಲೇ: ಪೆಟ್ಟಿಗೆಯಲ್ಲಿ ಅದೇ ನಂಬರಿನ ಬೇರೊಂದು ರಿಲೇ, ಉದಾಹರಣೆಗೆ ಹಾರ್ನಿನದು, ಇದ್ದರೆ ಅದಲು ಬದಲು ಮಾಡಿ ನೋಡಿ. ಫ್ಯಾನು ತಿರುಗಿದರೆ ದೋಷ ಸಿಕ್ಕಿತು. ಗಾಡಿಯ ಅಗ್ಗದ ಭಾಗಗಳಲ್ಲಿ ಇದೂ ಒಂದು. ಇದನ್ನು ನೋಡದೆ ರೇಡಿಯೇಟರ್ ಬದಲಾಯಿಸಿದ ಉದಾಹರಣೆಗಳು ಬೇಕಾದಷ್ಟಿವೆ.

ಮೋಟಾರು: ಎರಡೇ ತಂತಿಗಳಿರುವ ಮೋಟಾರಾದರೆ ಅದರ ಕನೆಕ್ಟರ್ ಕಳಚಿ, ಫ್ಯೂಸ್ ಸೇರಿಸಿದ ದಪ್ಪ ತಂತಿಗಳಿಂದ ಬ್ಯಾಟರಿಗೆ ನೇರ ಕೊಟ್ಟು ನೋಡಿ. ತಿರುಗದಿದ್ದರೆ ಕಾರ್ಬನ್ ಬ್ರಷ್ ಸವೆದಿದೆ ಅಥವಾ ಮೋಟಾರು ಸುಟ್ಟಿದೆ. ಎರಡಕ್ಕಿಂತ ಹೆಚ್ಚು ತಂತಿಗಳಿದ್ದರೆ ಈ ಪ್ರಯೋಗ ಬೇಡ.

ಉಷ್ಣ ಸ್ವಿಚ್: ಹಳೆಯ ಮಾದರಿಯ ಗಾಡಿಗಳಲ್ಲಿ ರೇಡಿಯೇಟರಿಗೆ ಅಥವಾ ಇಂಜಿನಿಗೆ ತಿರುಪಿದ ಎರಡು ತಂತಿಯ ಸ್ವಿಚ್ಚು ಇರುತ್ತದೆ. ಕೀಲಿ ಹಾಕಿ, ಆ ಎರಡು ತಂತಿಗಳನ್ನು ತುಂಡು ವೈರಿನಿಂದ ಜೋಡಿಸಿದಾಗ ಫ್ಯಾನು ತಿರುಗಿದರೆ ಸ್ವಿಚ್ಚೇ ಕೆಟ್ಟಿದೆ. ಹೊಸ ಗಾಡಿಗಳಲ್ಲಿ ಸೆನ್ಸರು ಕಂಪ್ಯೂಟರಿಗೆ ಸುದ್ದಿ ಕೊಡುತ್ತದೆ. ಅಲ್ಲಿ ತಂತಿ ಜೋಡಿಸಬಾರದು. ಆದರೆ ಅನೇಕ ಗಾಡಿಗಳಲ್ಲಿ ಇಂಜಿನ್ ನಡೆಯುವಾಗ ಸೆನ್ಸರಿನ ಕನೆಕ್ಟರ್ ಕಳಚಿದರೆ ಕಂಪ್ಯೂಟರು ರಕ್ಷಣೆಗಾಗಿ ಫ್ಯಾನನ್ನು ತಾನೇ ಓಡಿಸುತ್ತದೆ. ಹಾಗೆ ಓಡಿದರೆ ಫ್ಯಾನು, ರಿಲೇ, ತಂತಿ ಎಲ್ಲವೂ ಸರಿ. ಸೆನ್ಸರನ್ನು ಪರೀಕ್ಷಿಸಿದರೆ ಸಾಕು.

ತಂತಿಗಳು: ನಮ್ಮ ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಥ್ ತಂತಿಯ ತುದಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಉಜ್ಜಿ ಬಿಗಿಗೊಳಿಸಿ. ಕೊಟ್ಟಿಗೆ, ಗೋದಾಮಿನ ಪಕ್ಕ ನಿಲ್ಲಿಸುವ ಗಾಡಿಗಳಲ್ಲಿ ಇಲಿ ಕಡಿದ ಗುರುತಿದೆಯೇ ಎಂದು ಟಾರ್ಚು ಹಿಡಿದು ನೋಡಿ.

ಕೊನೆಯದಾಗಿ ಕಾಗದದ ಪರೀಕ್ಷೆ. ಫ್ಯಾನು ಸಾಮಾನ್ಯವಾಗಿ ರೇಡಿಯೇಟರಿನ ಹಿಂದಿದ್ದು ಗಾಳಿಯನ್ನು ಇಂಜಿನ್ ಕಡೆಗೆ ಎಳೆಯುತ್ತದೆ. ಗಾಡಿಯ ಮುಂದೆ ನಿಂತು ಒಂದು ಹಾಳೆಯನ್ನು ಜಾಲರಿಗೆ ಹಿಡಿದರೆ ಅದು ಅಂಟಿ ನಿಲ್ಲಬೇಕು. ಹೊರಗೆ ಹಾರಿದರೆ ತಂತಿಗಳನ್ನು ತಿರುವುಮುರುವಾಗಿ ಜೋಡಿಸಲಾಗಿದೆ. ಫ್ಯಾನು ತಿರುಗುತ್ತಿದ್ದರೂ ಗಾಡಿ ಕಾಯುವುದಕ್ಕೆ ರಿಪೇರಿಯ ಬಳಿಕ ಇದೂ ಒಂದು ಕಾರಣ.

ಬೆಲ್ಟಿನ ಫ್ಯಾನು

ವಿ ಆಕಾರದ ಬೆಲ್ಟನ್ನು ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 10-12 ಮಿಲಿಮೀಟರ್ ಬಗ್ಗಬೇಕು. ಹೆಚ್ಚು ಬಗ್ಗಿದರೆ ಜಾರುತ್ತದೆ. ಬಿಗಿ ಹೆಚ್ಚಾದರೆ ಪಂಪಿನ ಬೇರಿಂಗು ಹಾಳಾಗುತ್ತದೆ. ಅನೇಕ ಡೀಸೆಲ್ ಗಾಡಿಗಳಲ್ಲಿ ಫ್ಯಾನಿನ ನಡುವೆ ದಪ್ಪ ಸಿಲಿಕೋನ್ ದ್ರವ ತುಂಬಿದ ವಿಸ್ಕಸ್ ಕ್ಲಚ್ಚು ಇರುತ್ತದೆ. ಇಂಜಿನ್ ಚೆನ್ನಾಗಿ ಕಾದಾಗ ನಿಲ್ಲಿಸಿ, ಕೈಯಿಂದ ಫ್ಯಾನನ್ನು ತಿರುಗಿಸಿದರೆ ತಡೆ ಇರಬೇಕು. ಸಲೀಸಾಗಿ ನಾಲ್ಕಾರು ಸುತ್ತು ಹೋದರೆ, ಇಲ್ಲವೇ ಎಣ್ಣೆ ಜಿನುಗಿದ ಗುರುತಿದ್ದರೆ ಕ್ಲಚ್ಚು ಮುಗಿದಿದೆ.

ಫ್ಯಾನು ಸರಿಯಿದ್ದೂ ಕಾದರೆ

ತೋಟದ ಗಾಡಿಗಳಲ್ಲಿ ಏ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಸಿಲ್ವರ್ ಓಕಿನ ಎಲೆ, ಹುಲ್ಲಿನ ಬೀಜ, ಅಡಿಕೆ ಸಿಪ್ಪೆಯ ನಾರು, ಕೆಸರು ಸೇರಿ ಕಂಬಳಿ ಹೊದಿಸಿದಂತಾಗುತ್ತದೆ. ಹೊರಗಿನಿಂದ ಇದು ಕಾಣುವುದಿಲ್ಲ. ಇಂಜಿನ್ ತಣಿದ ಮೇಲೆ, ಒಳಗಿನಿಂದ ಹೊರಕ್ಕೆ, ಹೆಚ್ಚು ಒತ್ತಡವಿಲ್ಲದ ನೀರಿನಿಂದ ತೊಳೆಯಿರಿ. ಸರ್ವೀಸ್ ಗನ್ನಿನ ರಭಸಕ್ಕೆ ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ಮುಳ್ಳು ಮೇಲಿದ್ದು, ಮೇಲಿನ ಹೋಸ್ ಸುಡುತ್ತಿದ್ದು, ಕೆಳಗಿನದು ತಣ್ಣಗಿದ್ದರೆ ನೀರು ಹರಿಯುತ್ತಿಲ್ಲ. ಥರ್ಮೋಸ್ಟಾಟನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ದಾರದಿಂದ ತೂಗುಬಿಟ್ಟು ಕಾಯಿಸಿ. ನೀರು ಕುದಿಯುವುದಕ್ಕೆ ಮೊದಲೇ ಅದು ತೆರೆದುಕೊಳ್ಳಬೇಕು. ಕೆಟ್ಟಿದ್ದರೆ ಹೊಸದನ್ನು ಹಾಕಿ. ಥರ್ಮೋಸ್ಟಾಟ್ ಇಲ್ಲದೆ ಓಡಿಸುವ ಪದ್ಧತಿ ಒಳ್ಳೆಯದಲ್ಲ: ಇಂಜಿನ್ ತಣ್ಣಗೇ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಕೊಳವೆಬಾವಿಯ ಗಡಸು ನೀರನ್ನೇ ಹಾಕುತ್ತಾ ಬಂದರೆ, ಬಚ್ಚಲ ಹಂಡೆಯ ತಳಕ್ಕೆ ಬಿಳಿ ಹೆಕ್ಕಳೆ ಕಟ್ಟುವಂತೆ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕಟ್ಟುತ್ತದೆ. ಭಟ್ಟಿ ಇಳಿಸಿದ ನೀರು ಮತ್ತು ಕೂಲೆಂಟನ್ನು ಗಾಡಿಯ ಪುಸ್ತಕದಲ್ಲಿ ಹೇಳಿದ ಪ್ರಮಾಣದಲ್ಲಿ ಬಳಸಿ. ಕೂಲೆಂಟು ತುಕ್ಕನ್ನೂ ತಡೆಯುತ್ತದೆ. ಆದರೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ. ಬಸಿದದ್ದನ್ನು ಅಂಗಳದಲ್ಲಿ ಚೆಲ್ಲಬೇಡಿ. ನಾಯಿ, ದನಕರು, ಮಕ್ಕಳಿಗೆ ಅಪಾಯ.

ರೇಡಿಯೇಟರಿನಲ್ಲಿ ಗುಳ್ಳೆ ಏಳುವುದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ, ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯಂಥ ಬಣ್ಣ, ತಣ್ಣನೆಯ ಇಂಜಿನ್ ಹೊರಟ ಕೂಡಲೇ ಹೋಸು ಗಟ್ಟಿಯಾಗುವುದು: ಇವು ಹೆಡ್ ಗ್ಯಾಸ್ಕೆಟ್ ಹೋದುದರ ಲಕ್ಷಣಗಳು. ಮುಂದೆ ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ.

ಮುಳ್ಳನ್ನು ಓದುವ ಬಗೆ

ಏರಿನಲ್ಲಿ ಮೇಲಿದ್ದ ಮುಳ್ಳು ಏಕಾಏಕಿ ಕೆಳಗೆ ಬಿದ್ದರೆ ಸಂತೋಷಪಡಬಾರದು. ನೀರು ಪೂರ್ತಿ ಹೋಗಿ ಸೆನ್ಸರ್ ಒಣಗಿ ನಿಂತಾಗಲೂ ಮುಳ್ಳು ಕೆಳಗೆ ಬೀಳುತ್ತದೆ. ಇಂಜಿನ್ ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ಹೀಟರಿನಿಂದ ಬಿಸಿ ಗಾಳಿ ಬರುವುದು ನಿಂತು ತಣ್ಣನೆಯ ಗಾಳಿ ಬಂದರೆ ಸಂಶಯವೇ ಬೇಡ, ಕೂಡಲೇ ನಿಲ್ಲಿಸಿ. ಮುಳ್ಳಿನ ಬದಲು ಕೆಂಪು ದೀಪ ಮಾತ್ರವಿರುವ ಗಾಡಿಗಳಲ್ಲಿ ದೀಪ ಹೊತ್ತಿದ ಮೇಲೆ ಮುಂದಿನ ಊರಿನವರೆಗೆ ನೋಡೋಣವೆಂಬ ಲೆಕ್ಕಾಚಾರ ಸಲ್ಲದು.

ದಾರಿಯಲ್ಲಿ ಕಾದರೆ

ಮುಳ್ಳು ಏರತೊಡಗಿದ ಕೂಡಲೇ ಏ.ಸಿ. ನಿಲ್ಲಿಸಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಹಾಕಿ. ಅದೂ ಒಂದು ಚಿಕ್ಕ ರೇಡಿಯೇಟರೇ. ಮೇಲಿನ ಗೇರಿನಲ್ಲಿ ಗಾಡಿಯನ್ನು ಏದುಸಿರು ಬಿಡಿಸದೆ ಒಂದು ಗೇರು ಇಳಿಸಿ. ಆದರೂ ಏರಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ನೀರಿದ್ದು ಫ್ಯಾನು ತಿರುಗುತ್ತಿದ್ದರೆ ಕೆಲವು ನಿಮಿಷ ಇಂಜಿನ್ ಹಾಗೇ ನಡೆಯಲಿ. ಆವಿ ಬರುತ್ತಿದ್ದರೆ, ಫ್ಯಾನು ನಿಂತಿದ್ದರೆ ಅಥವಾ ನೀರು ಸೋರಿದ್ದರೆ ತಕ್ಷಣ ಆರಿಸಿ.

ಬಿಸಿ ಇಂಜಿನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಕೂಡದು. ಒತ್ತಡ ಬಿಟ್ಟೊಡನೆ ಕುದಿನೀರು ಚಿಮ್ಮಿ ಮುಖ, ಕಣ್ಣು ಸುಟ್ಟೀತು. ಕನಿಷ್ಠ ಅರ್ಧ ಗಂಟೆ ಕಾದು, ಮೇಲಿನ ಹೋಸನ್ನು ಹಿಚುಕಿದರೆ ಮೆತ್ತಗಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆ, ದಪ್ಪ ಗೋಣಿ ಹಾಕಿ ನಿಧಾನವಾಗಿ ತಿರುಗಿಸಿ. ಕಾದ ಇಂಜಿನಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯಬಹುದು. ತಣಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ಹಳ್ಳದ ನೀರು ಹಾಕಬೇಕಾಗಿ ಬಂದರೆ ಹಾಕಿ, ಮನೆ ತಲುಪಿದ ಮೇಲೆ ಬಸಿದು ತೊಳೆಯಿರಿ.

ಕೊಯ್ಲಿಗೆ ಮೊದಲು

ನವೆಂಬರ್ ಮುಗಿಯುವುದರೊಳಗೆ ಪ್ರತಿ ಸದಸ್ಯರೂ ಮಾಡಿಸಬಹುದಾದ ಕೆಲಸಗಳು ಇವು: ನೀರಿನ ಮಟ್ಟ, ಮುಚ್ಚಳದ ರಬ್ಬರ್, ಹೋಸುಗಳ ಬಿರುಕು, ಬೆಲ್ಟು, ಅರ್ಥ್ ತಂತಿ ನೋಡುವುದು, ರೇಡಿಯೇಟರಿನ ಕಸ ತೆಗೆಯುವುದು, ಗಾಡಿಯನ್ನು ನಿಲ್ಲಿಸಿದಲ್ಲೇ ಇಂಜಿನ್ ನಡೆಸಿ ಫ್ಯಾನು ಎಷ್ಟರಲ್ಲಿ ಹೊರಟು ಎಷ್ಟರಲ್ಲಿ ನಿಲ್ಲುತ್ತದೆಂದು ಬರೆದಿಡುವುದು. ಒಂದು ಫ್ಯೂಸು, ಒಂದು ರಿಲೇ, ಎರಡು ಹೋಸ್ ಕ್ಲಿಪ್ಪು, ಐದು ಲೀಟರ್ ನೀರು ಸದಾ ಗಾಡಿಯಲ್ಲಿರಲಿ. ಡ್ರೈವರ್ ಬೇರೆಯವರಾಗಿದ್ದರೆ ಮುಳ್ಳು ಎಲ್ಲಿದ್ದರೆ ನಿಲ್ಲಿಸಬೇಕೆಂಬುದನ್ನು ಅವರಿಗೆ ತೋರಿಸಿಕೊಡಿ. ನಿಲ್ಲಿಸಿ ತಡವಾಗಿ ಬಂದುದಕ್ಕೆ ಅವರನ್ನು ಗದರದಿರಿ. ವರ್ಕ್‌ಶಾಪಿಗೆ ಒಯ್ದಾಗ ‘ಗಾಡಿ ಕಾಯುತ್ತದೆ, ನೋಡಿ’ ಎಂದಷ್ಟೇ ಹೇಳದೆ, ಯಾವಾಗ ಕಾಯುತ್ತದೆ, ಆಗ ಫ್ಯಾನು ತಿರುಗುತ್ತಿತ್ತೇ, ನೀರೆಷ್ಟಿತ್ತು ಎಂಬ ಮೂರು ವಿಷಯಗಳನ್ನು ತಿಳಿಸಿದರೆ ಮೆಕ್ಯಾನಿಕ್ಕರ ಸಮಯವೂ ನಿಮ್ಮ ಹಣವೂ ಉಳಿಯುತ್ತವೆ.