ಕ್ಯಾಸಿನೊ ಅಂಗಳದಲ್ಲಿ ಒಂದು ರಾತ್ರಿ: ಉಚಿತ ಸೌಲಭ್ಯದ ವೆಚ್ಚ-ಲೆಕ್ಕ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬರುವವರು ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರಿದ್ದಾರೆ. ಅವರಲ್ಲಿ ಕೆಲವರು ಅಲ್ಲಿ 'ಆರ್.ವಿ.' ಎಂದು ಕರೆಯಲಾಗುವ ಮನೆ-ವಾಹನವನ್ನು ಬಾಡಿಗೆಗೆ ಪಡೆದು, ಮಕ್ಕಳು ಮೊಮ್ಮಕ್ಕಳೊಡನೆ ಸಾವಿರಾರು ಮೈಲಿ ಸಂಚರಿಸಿ ಬರುತ್ತಾರೆ. ಹಿಂದಿರುಗಿದ ಮೇಲೆ ಅವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ರಾತ್ರಿ ನಮ್ಮ ವಾಹನವನ್ನು ಒಂದು ಕ್ಯಾಸಿನೊದ ಅಂಗಳದಲ್ಲಿ ನಿಲ್ಲಿಸಿ ಮಲಗಿದೆವು. ಕಾವಲುಗಾರ ಬಂದು ನಂಬರ್ ಬರೆದುಕೊಂಡು ಹೋದನೇ ಹೊರತು ಒಂದು ಡಾಲರನ್ನೂ ಕೇಳಲಿಲ್ಲ. ಜೂಜಾಡಲು ಒಳಗೆ ಬನ್ನಿ ಎಂದೂ ಹೇಳಲಿಲ್ಲ. ಇದು ಅವರಿಗೆ ಹೇಗೆ ಗಿಟ್ಟುತ್ತದೆ?"

ಈ ಪ್ರಶ್ನೆ ವ್ಯಾಪಾರಿಯ ಪ್ರಶ್ನೆ. ಗ್ರಾಹಕರಿಗೆ ಒಂದಲ್ಲ ಒಂದನ್ನು ಪುಕ್ಕಟೆಯಾಗಿ ಕೊಡುವ ಪದ್ಧತಿ ನಮ್ಮಲ್ಲಿಯೂ ಇದೆ. ಆದರೆ ಕೊಟ್ಟದ್ದರ ವೆಚ್ಚವೆಷ್ಟು, ಅದರಿಂದ ಬಂದುದೆಷ್ಟು ಎಂದು ಲೆಕ್ಕ ಇಡುವವರು ವಿರಳ. ಜೂಜಿನ ಉದ್ಯಮದ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ (ಈ ಲೇಖಕನಿಗೆ ಅದರಲ್ಲಿ ಗೌರವವಿಲ್ಲ), ಲೆಕ್ಕ ಇಡುವ ವಿಷಯದಲ್ಲಿ ಅದನ್ನು ಮೀರಿಸಿದ ಉದ್ಯಮಗಳು ಕಡಿಮೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಉಚಿತವೆನಿಸುತ್ತದೆ.

ಮನೆ-ವಾಹನ ಮತ್ತು ಅದರ ಅಗತ್ಯಗಳು

ಆರ್.ವಿ. ಎಂದರೆ ಹಾಸಿಗೆ, ಅಡುಗೆಕಟ್ಟೆ, ಶೌಚಾಲಯಗಳನ್ನು ಒಳಗೊಂಡ ವಾಹನ. ದೊಡ್ಡವು 45 ಅಡಿಯವರೆಗೂ ಇರುತ್ತವೆ. ಕುಡಿಯುವ ನೀರಿಗೊಂದು, ಸ್ನಾನ ಹಾಗೂ ಪಾತ್ರೆ ತೊಳೆದ ನೀರಿಗೊಂದು, ಶೌಚದ ಮಲಿನಕ್ಕೊಂದು ಹೀಗೆ ಮೂರು ತೊಟ್ಟಿಗಳು ಅದರ ತಳದಲ್ಲಿರುತ್ತವೆ. ಜನರೇಟರ್ ಇರುತ್ತದೆ, ಬ್ಯಾಟರಿ ಇರುತ್ತದೆ. ಆದುದರಿಂದ ಒಂದೆರಡು ರಾತ್ರಿಗಳ ಮಟ್ಟಿಗೆ ಅದಕ್ಕೆ ಹೊರಗಿನ ವಿದ್ಯುತ್ತಾಗಲಿ ನೀರಾಗಲಿ ಬೇಕಿಲ್ಲ. ಸಮತಟ್ಟಾದ, ಸುರಕ್ಷಿತವಾದ ಒಂದಿಷ್ಟು ನೆಲ ಸಾಕು. ಈ ಬಗೆಯ ವಾಹನಗಳಿಗೆಂದೇ ಇರುವ ಶಿಬಿರಗಳಲ್ಲಿ ವಿದ್ಯುತ್, ನೀರು, ಒಳಚರಂಡಿಯ ಸಂಪರ್ಕ ಕೊಟ್ಟು ಶುಲ್ಕ ಪಡೆಯುತ್ತಾರೆ. ರಾತ್ರಿ ಹತ್ತಕ್ಕೆ ಬಂದು ಬೆಳಿಗ್ಗೆ ಆರಕ್ಕೆ ಹೊರಡುವ ಪ್ರಯಾಣಿಕನಿಗೆ ಅದು ದಂಡವೆನಿಸುತ್ತದೆ. ಅಂಥವರು ವಾಲ್‌ಮಾರ್ಟ್ ಮಳಿಗೆಯ ಅಂಗಳವನ್ನೋ ಕ್ಯಾಸಿನೊದ ಅಂಗಳವನ್ನೋ ಅರಸುತ್ತಾರೆ. ವಾಲ್‌ಮಾರ್ಟ್‌ನಲ್ಲಿ ಅನುಮತಿ ಕೊಡುವ ಅಧಿಕಾರ ಆಯಾ ಮಳಿಗೆಯ ವ್ಯವಸ್ಥಾಪಕರದು. ಜಾಗ ಮತ್ತು ಸ್ಥಳೀಯ ಕಾನೂನನ್ನು ನೋಡಿ ಅವರು ಹೌದು ಅಥವಾ ಇಲ್ಲ ಎನ್ನುತ್ತಾರೆ.

ಕ್ಯಾಸಿನೊಗಳಿಗೆ ಇಷ್ಟು ವಿಶಾಲವಾದ ಅಂಗಳ ಎಲ್ಲಿಂದ ಬಂತು ಎಂಬುದಕ್ಕೆ ಚರಿತ್ರೆಯನ್ನು ನೋಡಬೇಕು. ನೆವಾಡಾ ರಾಜ್ಯ ಜೂಜನ್ನು ಕಾನೂನುಬದ್ಧಗೊಳಿಸಿದ್ದು 1931ರಲ್ಲಿ. ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ಮೊದಲ ಕ್ಯಾಸಿನೊ ತೆರೆದದ್ದು 1978ರಲ್ಲಿ. ಕ್ಯಾಲಿಫೋರ್ನಿಯಾ ರಾಜ್ಯಕ್ಕೂ ಕಬಜೋನ್ ಬುಡಕಟ್ಟಿಗೂ ನಡೆದ ವ್ಯಾಜ್ಯದಲ್ಲಿ 1987ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬುಡಕಟ್ಟಿನ ಪರವಾಗಿ ತೀರ್ಪು ನೀಡಿತು. ಮರುವರ್ಷ, 1988ರಲ್ಲಿ, ಮೂಲನಿವಾಸಿಗಳ ಭೂಮಿಯಲ್ಲಿನ ಜೂಜನ್ನು ನಿಯಂತ್ರಿಸುವ ಕೇಂದ್ರ ಕಾಯಿದೆ ಬಂತು. ಅಲ್ಲಿಂದ ಮುಂದೆ ಹೆದ್ದಾರಿಯ ಬದಿಗೆ, ಪಟ್ಟಣಗಳಿಂದ ದೂರ, ಬುಡಕಟ್ಟುಗಳ ಒಡೆತನದ ಕ್ಯಾಸಿನೊಗಳು ಒಂದೊಂದಾಗಿ ಎದ್ದವು. ಕನೆಕ್ಟಿಕಟ್‌ನ ಫಾಕ್ಸ್‌ವುಡ್ಸ್ ಕ್ಯಾಸಿನೊ 1992ರಲ್ಲಿ, ಮೊಹಿಗನ್ ಸನ್ 1996ರಲ್ಲಿ ಆರಂಭವಾದವು. 2023ರ ಆರ್ಥಿಕ ವರ್ಷದಲ್ಲಿ ಬುಡಕಟ್ಟುಗಳ ಜೂಜು ಕೇಂದ್ರಗಳ ಒಟ್ಟು ಆದಾಯ ಸುಮಾರು 4,190 ಕೋಟಿ ಡಾಲರ್ ಇತ್ತು. ಅವರ ಭೂಮಿಯ ಮೇಲೆ ನೆರೆಯ ನಗರಸಭೆ ಅಥವಾ ಕೌಂಟಿಯ ನಿಯಮಗಳು ಸಾಮಾನ್ಯವಾಗಿ ಅನ್ವಯಿಸುವುದಿಲ್ಲವಾದ್ದರಿಂದ, ರಾತ್ರಿ ವಾಹನದಲ್ಲಿ ಮಲಗಬಹುದೇ ಬಾರದೇ ಎಂಬುದನ್ನು ತೀರ್ಮಾನಿಸುವವರೂ ಅವರೇ.

ಕೊಡುವವನ ಲೆಕ್ಕ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕ್ಯಾಸಿನೊದ ಅಂಗಳವನ್ನು ಶನಿವಾರ ರಾತ್ರಿಯ ಜನಸಂದಣಿಗೆ ತಕ್ಕಂತೆ ಕಟ್ಟಿರುತ್ತಾರೆ. ಮಂಗಳವಾರ ರಾತ್ರಿ ಅದರ ಬಹುಭಾಗ ಖಾಲಿ. ಕ್ಯಾಸಿನೊ ಹಗಲಿರುಳು ತೆರೆದಿರುವುದರಿಂದ ದೀಪಗಳು ಹೇಗೂ ಉರಿಯಬೇಕು, ಕ್ಯಾಮರಾಗಳು ಹೇಗೂ ನಡೆಯಬೇಕು, ಕಾವಲುಗಾರರಿಗೆ ಹೇಗೂ ಸಂಬಳ ಕೊಡಬೇಕು. ಡಾಂಬರಿಗೆ, ದೀಪಕ್ಕೆ, ಕಾವಲಿಗೆ ತಗಲುವ ಒಟ್ಟು ವೆಚ್ಚವನ್ನು ವಾಹನಗಳ ಸಂಖ್ಯೆಯಿಂದ ಭಾಗಿಸಿ "ಒಂದು ವಾಹನಕ್ಕೆ ಇಷ್ಟು ಖರ್ಚು" ಎಂದು ಹೇಳುವವನು ಸರಾಸರಿ ವೆಚ್ಚವನ್ನು ಹೇಳುತ್ತಿದ್ದಾನೆ. ಈ ನಿರ್ಧಾರಕ್ಕೆ ಅದು ಅಪ್ರಸ್ತುತ. ಕೇಳಬೇಕಾದದ್ದು ಸೀಮಾಂತ ವೆಚ್ಚವನ್ನು, ಅಂದರೆ ಈ ವಾಹನ ಬಾರದಿದ್ದರೆ ಉಳಿಯುತ್ತಿದ್ದುದೆಷ್ಟು ಎಂಬುದನ್ನು. ಕಸದ ಒಂದು ಚೀಲ, ಕಾವಲುಗಾರನ ಒಂದು ಸುತ್ತು, ಅಷ್ಟೇ.

ಉದಾಹರಣೆಗಾಗಿ ಅಂಕಿಗಳನ್ನು ಊಹಿಸಿಕೊಳ್ಳೋಣ. ಒಂದು ರಾತ್ರಿ 20 ವಾಹನಗಳು, 40 ಜನ. ಅವರಿಂದಾಗಿ ಹೆಚ್ಚುವರಿಯಾಗಿ ತಗಲಿದ ವೆಚ್ಚ 100 ಡಾಲರ್. ಒಳಗೆ ಹೋದವನೊಬ್ಬ ಸರಾಸರಿ 40 ಡಾಲರ್ ಕಳೆದುಕೊಳ್ಳುತ್ತಾನೆ. ಹಾಗಾದರೆ 40 ಜನರಲ್ಲಿ 3 ಜನ ಒಳಗೆ ಹೋದರೆ ವೆಚ್ಚ ಹುಟ್ಟಿತು. ಉಳಿದ 37 ಜನ ಪುಕ್ಕಟೆ ಮಲಗಿ ಎದ್ದು ಹೋದರೂ ನಷ್ಟವಿಲ್ಲ. ಆದರೆ ಇಲ್ಲಿ ನಮ್ಮ ಅನೇಕ ವ್ಯಾಪಾರಿಗಳು ಎಡವುವ ಸೂಕ್ಷ್ಮವೊಂದಿದೆ. ಆ ಮೂವರು, ಅಂಗಳದಲ್ಲಿ ಮಲಗಲು ಅವಕಾಶವಿಲ್ಲದಿದ್ದರೂ ಬಂದು ಆಡುತ್ತಿದ್ದವರಾಗಿದ್ದರೆ, ಅವರ 120 ಡಾಲರನ್ನು ಈ ಸೌಲಭ್ಯದ ಖಾತೆಗೆ ಜಮಾ ಮಾಡುವಂತಿಲ್ಲ. ಸೌಲಭ್ಯದಿಂದಲೇ ಬಂದ ಗ್ರಾಹಕ ಯಾರು, ಹೇಗೂ ಬರುತ್ತಿದ್ದವನು ಯಾರು ಎಂದು ಬೇರ್ಪಡಿಸದ ಹೊರತು ಲೆಕ್ಕ ಪೂರ್ಣವಾಗದು.

ಇದನ್ನು ಬೇರ್ಪಡಿಸಲು ಅವರ ಬಳಿ ಸಾಧನವಿದೆ. ಅದು ಸದಸ್ಯತ್ವದ ಕಾರ್ಡು. ಅನೇಕ ಕಡೆ, ವಾಹನ ನಿಲ್ಲಿಸಿದವರು ಒಳಗೆ ಹೋಗಿ ಉಚಿತವಾಗಿ ಕಾರ್ಡು ಮಾಡಿಸಿಕೊಳ್ಳಬೇಕೆಂಬುದೇ ಷರತ್ತು. ಹೊಸ ಸದಸ್ಯನಿಗೆ ಐದೋ ಹತ್ತೋ ಡಾಲರಿನ ಆಟ, ಊಟದಲ್ಲಿ ರಿಯಾಯಿತಿ ಕೊಡುವುದೂ ಉಂಟು. ಕಾರ್ಡನ್ನು ಯಂತ್ರಕ್ಕೆ ಹಾಕಿ ಆಡಿದರೆ, ಯಾರು, ಯಾವ ಊರಿನವರು, ಎಷ್ಟು ಹೊತ್ತು, ಎಷ್ಟು ಪಣ ಎಂಬುದೆಲ್ಲ ದಾಖಲಾಗುತ್ತದೆ. ಹಾರಾಸ್ ಸಂಸ್ಥೆ 1997ರಲ್ಲಿ ತನ್ನೆಲ್ಲ ಕ್ಯಾಸಿನೊಗಳಿಗೂ ಸಲ್ಲುವ ಇಂಥ ಕಾರ್ಡನ್ನು ಜಾರಿಗೆ ತಂದಿತು. ಹಾರ್ವರ್ಡ್‌ನ ಪ್ರಾಧ್ಯಾಪಕರಾಗಿದ್ದು 1998ರಲ್ಲಿ ಆ ಸಂಸ್ಥೆಯನ್ನು ಸೇರಿದ ಗ್ಯಾರಿ ಲವ್‌ಮನ್, ಆ ಮಾಹಿತಿಯಿಂದ ಕಂಡುಕೊಂಡದ್ದನ್ನು 2003ರಲ್ಲಿ ಬರೆದು ಪ್ರಕಟಿಸಿದರು. ಬಂದವರಲ್ಲಿ ಶೇಕಡಾ 26 ಮಂದಿಯಿಂದ ಶೇಕಡಾ 82ರಷ್ಟು ಆದಾಯ ಬರುತ್ತಿತ್ತು. ಆ 26 ಮಂದಿ ಐಷಾರಾಮಿ ಕಾರುಗಳಲ್ಲಿ ಬಂದಿಳಿಯುವ ಧನಿಕರಾಗಿರಲಿಲ್ಲ. ನಡುವಯಸ್ಸು ದಾಟಿದ, ಕೈಯಲ್ಲಿ ಬಿಡುವೂ ಒಂದಿಷ್ಟು ಹಣವೂ ಇದ್ದ, ಉಪಾಧ್ಯಾಯರು ಯಂತ್ರಕರ್ಮಿಗಳು ಮೊದಲಾದ ಸಾಮಾನ್ಯ ವೃತ್ತಿಗಳಿಂದ ಬಂದವರಾಗಿದ್ದರು. ಮನೆ-ವಾಹನದಲ್ಲಿ ದೇಶ ಸುತ್ತುವ ನಿವೃತ್ತ ದಂಪತಿಗಳನ್ನು ನೋಡಿದವರಿಗೆ ಈ ವರ್ಣನೆ ಯಾರಿಗೆ ಹೊಂದುತ್ತದೆಂದು ಬೇರೆ ಹೇಳಬೇಕಿಲ್ಲ.

ಇದೇ ಉದ್ಯಮ ಇನ್ನೊಂದೆಡೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನೂ ಗಮನಿಸಬೇಕು. ಲಾಸ್ ವೇಗಸ್‌ನ ಮುಖ್ಯ ಬೀದಿಯಲ್ಲಿ ದಶಕಗಳ ಕಾಲ ವಾಹನ ನಿಲುಗಡೆ ಪುಕ್ಕಟೆಯಾಗಿತ್ತು. 2016ರಲ್ಲಿ ಎಂ.ಜಿ.ಎಂ. ಸಂಸ್ಥೆ ಅಲ್ಲಿನ ತನ್ನ ಹೋಟೆಲುಗಳಲ್ಲಿ ಸಾಮಾನ್ಯ ಕಾರುಗಳಿಗೂ ನಿಲುಗಡೆ ಶುಲ್ಕ ವಿಧಿಸಲು ಆರಂಭಿಸಿತು. ಮರುಭೂಮಿಯ ಹೆದ್ದಾರಿಯ ಬದಿಯ ನೆಲಕ್ಕೆ ಮಂಗಳವಾರ ರಾತ್ರಿ ಬೇರೆ ಉಪಯೋಗವಿಲ್ಲ. ನಗರದ ನಡುವಿನ ನೆಲಕ್ಕೆ ಪ್ರತಿ ಗಂಟೆಯೂ ಬೇರೊಬ್ಬ ಗಿರಾಕಿ ಇದ್ದಾನೆ. ಒಂದು ಜಾಗವನ್ನು ಒಬ್ಬನಿಗೆ ಕೊಟ್ಟದ್ದರಿಂದ ಇನ್ನೊಬ್ಬನಿಂದ ಬರಬೇಕಾದದ್ದು ತಪ್ಪಿದರೆ, ಆ ತಪ್ಪಿದ ಆದಾಯವೇ ನಿಜವಾದ ವೆಚ್ಚ. ಲೆಕ್ಕಪುಸ್ತಕದಲ್ಲಿ ಅದಕ್ಕೆ ಕಾಲಂ ಇರುವುದಿಲ್ಲ.

ಪುಸ್ತಕದ ಮಾತು ಬಂದದ್ದರಿಂದ ಒಂದು ವೃತ್ತಿಪರ ವಿವರ. ಕ್ಯಾಸಿನೊಗಳು ಆಟಗಾರರಿಗೆ ಪುಕ್ಕಟೆ ಕೊಡುವ ಕೊಠಡಿ, ಊಟಗಳ ಬೆಲೆಯನ್ನು ಹಿಂದೆ ಒಟ್ಟು ಆದಾಯದಲ್ಲಿ ತೋರಿಸಿ, ಅನಂತರ 'ಪ್ರಚಾರ ರಿಯಾಯಿತಿ' ಎಂಬ ಶೀರ್ಷಿಕೆಯಡಿ ಕಳೆಯುತ್ತಿದ್ದವು. ಷೇರುಪೇಟೆಯ ಕಂಪನಿಗಳಿಗೆ 2018ರಿಂದ ಜಾರಿಗೆ ಬಂದ ಹೊಸ ಆದಾಯ-ನಿರೂಪಣಾ ಮಾನದಂಡದ ಬಳಿಕ ಈ ಕ್ರಮ ನಿಂತಿತು. ಈಗ ಆಟದಿಂದ ಬಂದ ಹಣದಲ್ಲಿಯೇ ಒಂದು ಪಾಲನ್ನು ಕೊಠಡಿಗೂ ಊಟಕ್ಕೂ ಹಂಚಬೇಕು. ಆದರೆ ದರಪಟ್ಟಿಯಲ್ಲಿ ಬೆಲೆಯೇ ಇಲ್ಲದ ಅಂಗಳದ ಒಂದು ರಾತ್ರಿ ಹಿಂದೆಯೂ ಖಾತೆಗೆ ಏರಲಿಲ್ಲ, ಈಗಲೂ ಏರುವುದಿಲ್ಲ.

ನಮ್ಮ ಅಂಗಡಿಗಳ ಕಡೆ ಒಂದು ನೋಟ

ಹಿಂದೆ ನಮ್ಮ ಊರುಗಳಲ್ಲಿ ಗಾಡಿ ಕಟ್ಟಿಕೊಂಡು ಹತ್ತಿಯನ್ನೋ ಮೆಣಸಿನಕಾಯಿಯನ್ನೋ ತಂದ ರೈತ ರಾತ್ರಿ ದಲಾಲಿ ಅಂಗಡಿಯ ಪಡಸಾಲೆಯಲ್ಲಿಯೇ ಮಲಗುತ್ತಿದ್ದನು. ಊಟವೂ ಅಲ್ಲಿಯೇ, ಎತ್ತುಗಳಿಗೆ ನೀರೂ ಅಲ್ಲಿಯೇ. ಅದಕ್ಕೆ ಯಾರೂ ಹಣ ಪಡೆಯುತ್ತಿರಲಿಲ್ಲ. ಬೆಳಗಾದ ಮೇಲೆ ಮಾಲು ಅದೇ ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು. ಹಳಬರಿಗೆ ಈ ಲೆಕ್ಕ ತಿಳಿದೇ ಇತ್ತು. ಕಷ್ಟ ಬಂದಿರುವುದು ಈಗಿನ ಉಚಿತಗಳಲ್ಲಿ: ಉಚಿತ ಸಾಗಣೆ, ಉಚಿತ ಮಾದರಿ, ಬಡ್ಡಿಯಿಲ್ಲದ 90 ದಿನಗಳ ಉದ್ದರಿ. ಇವುಗಳ ಸೀಮಾಂತ ವೆಚ್ಚ ಅಂಗಳದ ಮೂಲೆಯಂತೆ ಸೊನ್ನೆಯ ಹತ್ತಿರವಲ್ಲ. ಒಂದೊಂದು ಕಂತಿನಲ್ಲಿಯೂ ಡೀಸೆಲ್ ಸುಡುತ್ತದೆ, ಬ್ಯಾಂಕಿನ ಬಡ್ಡಿ ಏರುತ್ತದೆ. ತೆರಿಗೆಯ ದೃಷ್ಟಿಯಿಂದಲೂ ಭೇದವಿದೆ. 2019ರ ಮಾರ್ಚ್ 7ರ ಜಿ.ಎಸ್.ಟಿ. ಸುತ್ತೋಲೆಯಂತೆ, ಪ್ರತಿಫಲವಿಲ್ಲದೆ ಹಂಚಿದ ಮಾದರಿಗಳ ಮೇಲಿನ ಹೂಡುವಳಿ ತೆರಿಗೆ ಜಮೆ ದೊರೆಯದು. 'ಒಂದು ಕೊಂಡರೆ ಒಂದು ಉಚಿತ' ಎಂಬಲ್ಲಿ ಎರಡೂ ಸರಕುಗಳನ್ನು ಒಂದೇ ಬೆಲೆಗೆ ಮಾರಿದಂತೆ ಪರಿಗಣಿಸುವುದರಿಂದ ಜಮೆ ದೊರೆಯುತ್ತದೆ. ಬಿಲ್ಲನ್ನು ಬರೆಯುವ ರೀತಿಯಲ್ಲಿಯೇ ಹಣವಿದೆ.

ಉಚಿತಕ್ಕೆ ಎಲ್ಲೆ

ಅಂಗಳದ ಸೌಲಭ್ಯ ಮಿತಿಯಿಲ್ಲದ್ದಲ್ಲ. ಎಲ್ಲ ಕ್ಯಾಸಿನೊಗಳೂ ಒಪ್ಪುವುದಿಲ್ಲ. ಒಪ್ಪುವಲ್ಲಿಯೂ ಮೊದಲು ಭದ್ರತಾ ಕಚೇರಿಗೆ ತಿಳಿಸಬೇಕು, ದೂರದ ಸಾಲಿನಲ್ಲಿ ನಿಲ್ಲಿಸಬೇಕು. ಒಂದು ರಾತ್ರಿ, ಹೆಚ್ಚೆಂದರೆ ಎರಡು-ಮೂರು. ಹೊರಗೆ ಕುರ್ಚಿ ಹಾಕುವುದು, ನೆರಳಿನ ಚಪ್ಪರ ಬಿಡಿಸುವುದು, ಒಲೆ ಹಚ್ಚುವುದು ಕೂಡದು. ವಾಹನವನ್ನು ಸಮತಟ್ಟಾಗಿ ಎತ್ತುವ ಜಾಕ್‌ಗಳನ್ನು ಬರಿಯ ಡಾಂಬರಿನ ಮೇಲೆ ಇಳಿಸಿದರೆ ಬೇಸಿಗೆಯಲ್ಲಿ ಗುಳಿ ಬೀಳುತ್ತದೆ. ಮಲಿನ ತೊಟ್ಟಿಯನ್ನು ಅಲ್ಲಿ ಖಾಲಿ ಮಾಡುವಂತೆಯೇ ಇಲ್ಲ. ಅತಿಥಿಗಳು ವಾರಗಟ್ಟಲೆ ಬೀಡುಬಿಟ್ಟು ಕಸ ಚೆಲ್ಲಿದ ಅಂಗಳಗಳಲ್ಲಿ ನಿಷೇಧದ ಫಲಕ ಬಂದಿದೆ. ಮೇಲೆ ಹೇಳಿದ ನೂರು ಡಾಲರಿನ ವೆಚ್ಚ ಸಾವಿರವಾಗಲು ಇಂಥ ನಾಲ್ಕು ವಾಹನಗಳು ಸಾಕು.

ದಿನಗಳ ಮಿತಿಗೆ ಕಾನೂನಿನ ಕಾರಣವೂ ಉಂಟು. ಒಂದು ರಾತ್ರಿಯ ಅನುಮತಿ ಬರಿಯ ಪರವಾನಗಿ. ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ತಿಂಗಳುಗಟ್ಟಲೆ ನಿಂತವನು ತಾನು ನಿವಾಸಿಯೆಂದು ವಾದಿಸಲು ಆರಂಭಿಸಿದರೆ ಆ ಸರಳತೆ ಉಳಿಯುವುದಿಲ್ಲ. ನಮ್ಮಲ್ಲಿಯೂ 1882ರ ಈಸ್‌ಮೆಂಟ್ಸ್ ಕಾಯಿದೆಯ 52ನೇ ಕಲಮು ಪರವಾನಗಿಯನ್ನು ಪ್ರತ್ಯೇಕವಾಗಿ ನಿರೂಪಿಸುತ್ತದೆ. ಗೋದಾಮಿನ ಹಿತ್ತಲನ್ನು ಪರಿಚಯದ ಲಾರಿ ಮಾಲೀಕನಿಗೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿರುವ ಸದಸ್ಯರು, ಅವಧಿಯನ್ನು ನಮೂದಿಸಿ ಒಂದು ಪತ್ರ ಮಾಡಿಕೊಳ್ಳುವುದು ಒಳ್ಳೆಯದು.

ತಂಗುವವನ ಲೆಕ್ಕ

ಪ್ರವಾಸಕ್ಕೆ ಹೊರಡುವ ಸದಸ್ಯರಿಗಾಗಿ ಇನ್ನೊಂದು ಬದಿಯ ಲೆಕ್ಕ. ಶಿಬಿರದ ಶುಲ್ಕ 50 ಡಾಲರ್ ಎಂದೂ ಅದು ಉಳಿಯಿತೆಂದೂ ಇಟ್ಟುಕೊಳ್ಳೋಣ. ಒಳಗೆ ಹೋಗಿ ಸ್ಲಾಟ್ ಯಂತ್ರದ ಮುಂದೆ ಕುಳಿತವನು ಒಂದು ಗಂಟೆಗೆ 500 ಬಾರಿ, ಪ್ರತಿ ಬಾರಿ ಅರ್ಧ ಡಾಲರ್ ಪಣ ಹೂಡಿದರೆ ಒಟ್ಟು ಪಣ 250 ಡಾಲರ್. ಯಂತ್ರ ಶೇಕಡಾ 8ರಷ್ಟನ್ನು ಉಳಿಸಿಕೊಂಡರೆ ಗಂಟೆಗೆ 20 ಡಾಲರ್ ಹೋಯಿತು. ಎರಡೂವರೆ ಗಂಟೆಯಲ್ಲಿ ಉಳಿತಾಯ ತೀರಿತು. ಗಂಡ-ಹೆಂಡತಿ ಇಬ್ಬರೂ ಕುಳಿತರೆ ಒಂದೂಕಾಲು ಗಂಟೆ ಸಾಕು. ಶೇಕಡಾ 8 ಎಂಬುದು ಊಹೆ. ನೆವಾಡಾದ ನಿಯಮದಂತೆ ಯಂತ್ರ ಪಣದಲ್ಲಿ ಕನಿಷ್ಠ ಶೇಕಡಾ 75ನ್ನು ಹಿಂದಿರುಗಿಸುವಂತಿರಬೇಕು, ಅಂದರೆ ಉಳಿಸಿಕೊಳ್ಳಲು ಇರುವ ಅವಕಾಶ ಶೇಕಡಾ 25ರವರೆಗೆ. ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆಗಳಿವೆ, ಒಂದೇ ಅಂಕಿಯ ಮೇಲೆ ಗೆದ್ದವನಿಗೆ ಕೊಡುವುದು 35 ಪಟ್ಟು. ಆ ಅಂತರದಿಂದ ಮನೆಯೊಡೆಯನಿಗೆ ಸಲ್ಲುವುದು ಶೇಕಡಾ 5.26.

ಅಕಸ್ಮಾತ್ ದೊಡ್ಡ ಮೊತ್ತ ಗೆದ್ದರೆ? ಅಮೆರಿಕದ ನಿವಾಸಿಯಲ್ಲದವನ ಸ್ಲಾಟ್ ಯಂತ್ರದ ಗೆಲುವಿನಿಂದ ಶೇಕಡಾ 30ರಷ್ಟನ್ನು ಅಲ್ಲಿಯೇ ತೆರಿಗೆಯಾಗಿ ಮುರಿದುಕೊಳ್ಳುತ್ತಾರೆ. ರೂಲೆಟ್, ಬ್ಲ್ಯಾಕ್‌ಜಾಕ್ ಮೊದಲಾದ ಕೆಲವು ಆಟಗಳಿಗೆ ಮಾತ್ರ ವಿನಾಯಿತಿ ಇದೆ. ಭಾರತದಲ್ಲಿ ನಿವಾಸಿಯಾದವನಿಗೆ ಜಗತ್ತಿನ ಯಾವ ಮೂಲೆಯಲ್ಲಿ ಬಂದ ಆದಾಯವೂ ಇಲ್ಲಿ ತೆರಿಗೆಗೆ ಒಳಪಡುವುದರಿಂದ ಆ ಗೆಲುವನ್ನು ಇಲ್ಲಿನ ವಿವರಪತ್ರದಲ್ಲಿಯೂ ತೋರಿಸಬೇಕು. ಜೂಜಿನ ಗೆಲುವಿಗೆ ಇಲ್ಲಿನ ದರವೂ ಶೇಕಡಾ 30, ಮೇಲೆ ಸೆಸ್. ಸೋತದ್ದನ್ನಾಗಲಿ ಖರ್ಚನ್ನಾಗಲಿ ಕಳೆಯಲು ಆಸ್ಪದವಿಲ್ಲ. ಅಲ್ಲಿ ಕಟ್ಟಿದ ತೆರಿಗೆಯನ್ನು ನಿಯಮಾನುಸಾರ ಇಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಅದಕ್ಕೆ ಪುರಾವೆ ಬೇಕು. ಕ್ಯಾಸಿನೊದವರು ತೆರಿಗೆ ಮುರಿದುಕೊಂಡು ಕೊಡುವ ಚೀಟಿಯನ್ನು ವಿಮಾನದ ಟಿಕೆಟ್ಟಿನೊಡನೆ ಎಸೆಯದೆ, ಊರಿಗೆ ಬಂದ ಮೇಲೆ ಲೆಕ್ಕಪರಿಶೋಧಕರಿಗೆ ತಲುಪಿಸಬೇಕು.