ಹಳೆಯ ಬೇಸ್ ಗಿಟಾರ್ ಕೊಳ್ಳುವ ಮುನ್ನ

ಬೇಸ್ ಗಿಟಾರ್ ಕೊಳ್ಳುವಾಗ ಮೊದಲು ನೋಡಬೇಕಾದ್ದು ನೆಕ್. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ಒತ್ತಿದಾಗ ನಡುವೆ ಕೂದಲೆಳೆಯಷ್ಟು ಸಂದಿದ್ದರೆ ಸರಿ. ಹೆಚ್ಚು ಬಾಗಿದ್ದರೆ ಒಳಗಿನ ಟ್ರಸ್ ರಾಡ್ ತಿರುಗಿಸಿ ಸರಿಪಡಿಸಬಹುದು. ಆ ರಾಡೇ ಕೆಟ್ಟಿದ್ದರೆ ಕೊಳ್ಳದಿರುವುದೇ ಲೇಸು. ಪ್ರತಿ ಫ್ರೆಟ್‌ನಲ್ಲೂ ನುಡಿಸಿ, ನಾಬ್ ತಿರುಗಿಸಿ ಕರಕರ ಸದ್ದು ಬರುತ್ತದೆಯೇ ಎಂದು ಕೇಳಬೇಕು.

ಅತಿ ದಪ್ಪ ತಂತಿಯ ನಾದ ಸುಮಾರು 41 ಹರ್ಟ್ಸ್. ಸಾಮಾನ್ಯ ಗಿಟಾರ್ ಆಂಪ್‌ನಲ್ಲಿ ಇದನ್ನು ಜೋರಾಗಿ ನುಡಿಸಿದರೆ ಸ್ಪೀಕರ್ ಹಾಳಾದೀತು. ಬೇಸ್‌ಗೆಂದೇ ಮಾಡಿದ ಆಂಪ್ ಬೇಕು. ಹುಣಸಮಾರನಹಳ್ಳಿ, ಯಲಹಂಕದ ಒತ್ತೊತ್ತಾದ ಮನೆಗಳಲ್ಲಿ ಅಭ್ಯಾಸಕ್ಕೆ 20–30 ವ್ಯಾಟ್ ಧಾರಾಳ. ಮಂದ್ರ ನಾದ ಗೋಡೆ ದಾಟುವುದರಿಂದ ರಾತ್ರಿ ಹೆಡ್‌ಫೋನ್ ಒಳ್ಳೆಯದು. ಅಮೆರಿಕದಿಂದ ತಂದ 120 ವೋಲ್ಟಿನ ಆಂಪನ್ನು ಇಲ್ಲಿನ 230 ವೋಲ್ಟಿಗೆ ನೇರವಾಗಿ ಜೋಡಿಸಬಾರದು.

ಮಾರುವವರು ಹೊಸ ತಂತಿ ಹಾಕಿ, ದುರಸ್ತಿ ಆಗಿದ್ದನ್ನು ಮುಚ್ಚಿಡದೆ ಹೇಳಿದರೆ ಬೆಲೆಯ ಮಾತು ಸಲೀಸು.