ಬ್ಯಾಟರಿ ಸ್ಕೂಟರಿಗೆ ಪೆಟ್ರೋಲ್ ಎಂಜಿನ್: ಕ್ಲಚ್ ಸುಡದ ಹಾಗೆ ಚೈನ್ ಲೆಕ್ಕ ಹಾಕೋದು ಹೇಗೆ?

ಬ್ಯಾಟರಿ ಕೂತುಹೋದ ಹಳೆ ಸ್ಕೂಟರ್ ನಮ್ಮ ಕಡೆ ಅನೇಕರ ಕೊಟ್ಟಿಗೆಯಲ್ಲಿ ಬಿದ್ದಿರತದೆ. ಅದಕ್ಕೊಂದು ಸಣ್ಣ ಪೆಟ್ರೋಲ್ ಎಂಜಿನ್ ಕೂಡಿಸಿದರೆ ಜೀವಾಮೃತದ ಕ್ಯಾನು, ಗೊಬ್ಬರದ ಚೀಲ ಹೊಲಕ್ಕೆ ಒಯ್ಯಬಹುದಲ್ಲ ಅಂತ ಅನಿಸೋದು ಸಹಜ. ನಾನೂ ಮಾಡಿದೆ. ಮೊದಲನೇ ಮಳೆಗಾಲದಲ್ಲೇ ಕ್ಲಚ್ ಸುಟ್ಟುಕೊಂಡೆ.

ಆವತ್ತು ತೊಗರಿ ಹೊಲಕ್ಕೆ ಎರಡು ಕ್ಯಾನು ಜೀವಾಮೃತ ಒಯ್ಯುತ್ತಿದ್ದೆ. ಎರೆ ಮಣ್ಣು ಹಸಿ ಇತ್ತು. ಕಾಲು ತಾಸಿನಲ್ಲಿ ಸುಟ್ಟ ವಾಸನೆ ಬಂತು, ಎಂಜಿನ್ ಕೂಗತದೆ, ಗಾಲಿ ತಿರುಗವಲ್ದು. ಕ್ಯಾನು ಹೊತ್ತುಕೊಂಡೇ ನಡೆಯಬೇಕಾಯ್ತು. "ಎತ್ತಿಗೆ ಕ್ಲಚ್ ಇರಂಗಿಲ್ಲ ನೋಡಪ್ಪ" ಅಂದರು ನಮ್ಮಪ್ಪ. ಎಂಜಿನ್ ಸಣ್ಣದಾಯ್ತು ಅಂತ ನಾನು ತಿಳಿದಿದ್ದೆ. ತಪ್ಪು ಎಂಜಿನ್‌ದಲ್ಲ, ನನ್ನ ಹಲ್ಲಿನ ಲೆಕ್ಕದ್ದು.

ಮೋಟರಿಗೂ ಎಂಜಿನಿಗೂ ಇರುವ ಫರಕು

ಬ್ಯಾಟರಿ ಮೋಟರು ನಿಂತಲ್ಲಿಂದಲೇ ಪೂರ್ತಿ ಜೋರಿನಿಂದ ಎಳೆಯತದೆ. ಪೆಟ್ರೋಲ್ ಎಂಜಿನ್ ಹಾಗಲ್ಲ, ಅದು ಸದಾ ತಿರುಗುತ್ತಲೇ ಇರಬೇಕು. ಅದಕ್ಕೇ ನಡುವೆ ಕ್ಲಚ್ ಬೇಕು. ಸಣ್ಣ ಎಂಜಿನಿಗೆ ಸಾಮಾನ್ಯವಾಗಿ ಸೆಂಟ್ರಿಫ್ಯೂಗಲ್ ಕ್ಲಚ್ ಹಾಕತಾರೆ. ವೇಗ ಏರಿದಂತೆ ಅದರೊಳಗಿನ ಶೂಗಳು ಹೊರಗೆ ಸರಿದು ಡ್ರಮ್ಮನ್ನು ಹಿಡಿಯತವೆ. ಪೂರ್ತಿ ಹಿಡಿಯುವ ತನಕ ಅವು ಜಾರತಾ ಇರತವೆ, ಜಾರಿದಷ್ಟೂ ಬಿಸಿ. ಒಂದೆರಡು ಸೆಕೆಂಡ್ ಜಾರಿದರೆ ತೊಂದರೆ ಇಲ್ಲ. ಕಾಲು ತಾಸು ಜಾರಿದರೆ ನನ್ನ ಗತಿ.

ನೋಡಬೇಕಾದ್ದು ಒಂದೇ ಅಂಕಿ

ಎಲ್ಲರೂ "ಎಷ್ಟು ಸ್ಪೀಡ್ ಹೋಗತದೆ?" ಅಂತ ಕೇಳತಾರೆ. ಕೇಳಬೇಕಾದ್ದು "ಯಾವ ಸ್ಪೀಡಿನಲ್ಲಿ ಕ್ಲಚ್ ಪೂರ್ತಿ ಹಿಡಿಯತದೆ?" ಅಂತ. ಮೊಬೈಲಿನ ಕ್ಯಾಲ್ಕುಲೇಟರ್ ತೆಗೀರಿ:

ಕ್ಲಚ್ ಹಿಡಿಯುವ ಆರ್‌ಪಿಎಂ ÷ ಒಟ್ಟು ರೇಶಿಯೋ × ಗಾಲಿಯ ಸುತ್ತಳತೆ (ಮೀಟರಿನಲ್ಲಿ) × 0.06 = ತಾಸಿಗೆ ಕಿ.ಮೀ.

ರೇಶಿಯೋ ಅಂದರೆ ಗಾಲಿ ಕಡೆಯ ಹಲ್ಲನ್ನು ಎಂಜಿನ್ ಕಡೆಯ ಹಲ್ಲಿನಿಂದ ಭಾಗಿಸಿದ್ದು. ನನ್ನ ಕ್ಲಚ್ 2000 ಆರ್‌ಪಿಎಂಗೆ ಹಿಡಿಯತದೆ, ಗಾಲಿಯ ಸುತ್ತಳತೆ 1.32 ಮೀಟರ್, ಎಂಜಿನ್‌ನ ಗರಿಷ್ಠ ವೇಗ 3600.

- ಒಂದೇ ಚೈನು, 10 ಹಲ್ಲಿನಿಂದ 60 ಹಲ್ಲಿಗೆ (6:1): ಕ್ಲಚ್ ಹಿಡಿಯುವುದು 26 ಕಿ.ಮೀ. ವೇಗಕ್ಕೆ. ಇದೇ ನನ್ನ ತಪ್ಪು. ಕೆಸರಿನಲ್ಲಿ 26 ಕಿ.ಮೀ. ಯಾರು ಹೋಗತಾರೆ?
- ಎರಡು ಚೈನು, 12ರಿಂದ 48ಕ್ಕೆ, ಆಮೇಲೆ 10ರಿಂದ 60ಕ್ಕೆ (24:1): 6.6 ಕಿ.ಮೀ.ಗೆ ಹಿಡಿಯತದೆ, ಗರಿಷ್ಠ ಸುಮಾರು 12.
- ಎರಡೂ ಹಂತದಲ್ಲಿ 10ರಿಂದ 60ಕ್ಕೆ (36:1): 4.4 ಕಿ.ಮೀ.ಗೆ ಹಿಡಿಯತದೆ, ಗರಿಷ್ಠ ಸುಮಾರು 8.

ಎಳೆಯುವ ಬಲವೂ ಇದೇ ಲೆಕ್ಕದಲ್ಲಿ ಏರತದೆ. ಎಂಜಿನ್ ಟಾರ್ಕ್ 10 ನ್ಯೂಟನ್ ಮೀಟರ್, ಗಾಲಿಯ ಅರ್ಧವ್ಯಾಸ 21 ಸೆಂ.ಮೀ. ಇದ್ದರೆ, ಘರ್ಷಣೆಯ ನಷ್ಟ ಬಿಟ್ಟು, 6:1ರಲ್ಲಿ ಸುಮಾರು 29 ಕಿಲೋ ಎಳೆತ, 24:1ರಲ್ಲಿ 116 ಕಿಲೋ ಎಳೆತ. ಎಂಜಿನ್ ಅದೇ, ಪೆಟ್ರೋಲೂ ಅದೇ.

ನಿಮ್ಮ ಹೊಲಕ್ಕೆ ಯಾವುದು?

ಶಹಾಬಾದ್, ವಾಡಿ ಕಡೆ ಗಟ್ಟಿ ಕಲ್ಲು ದಾರಿ ಇದ್ದರೆ 24:1 ಸಾಕು. ಆದರೆ ಅಲ್ಲಿ ಸುಣ್ಣಕಲ್ಲಿನ ಧೂಳು ಚೈನನ್ನು ಬೇಗ ತಿನ್ನತದೆ, ಕವರ್ ಇಲ್ಲದೆ ಓಡಿಸಬೇಡ್ರಿ. ಸೇಡಂ, ಚಿತ್ತಾಪುರದ ಎರೆ ಹೊಲಕ್ಕೂ ಚಿಂಚೋಳಿಯ ಏರುದಾರಿಗೂ 36:1 ಹಾಕ್ರಿ. ಅದಕ್ಕಿಂತ ನಿಧಾನ, ಅದಕ್ಕಿಂತ ಹೆಚ್ಚು ಭಾರ ಬೇಕೆಂದರೆ ಈ ಕ್ಲಚ್ ಬಿಟ್ಟು ಹಳೆ 100 ಸಿಸಿ ಬೈಕಿನ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಹಾಕೋದೇ ಮೇಲು. ಅದರ ಕ್ಲಚ್ ಎಣ್ಣೆಯಲ್ಲಿ ಮುಳುಗಿರತದೆ, ಫಸ್ಟ್ ಗೇರ್ ಇರತದೆ. ಗುಜರಾತಿನ ಅಮ್ರೇಲಿ ಜಿಲ್ಲೆಯ ರೈತ ಮನ್ಸುಖಭಾಯಿ ಜಗಾನಿ 1994ರಲ್ಲಿ ಬುಲೆಟ್ ಬೈಕಿಗೇ ಕುಂಟೆ ಕಟ್ಟಿ ಹೊಲದಲ್ಲಿ ಎಡೆ ಹೊಡೆದು ತೋರಿಸಿದರು.

ಫಿಟ್ಟರ್ ಹತ್ತಿರ ಹೋಗುವ ಮುಂಚೆ

1. ಹಿಂದಿನ ಗಾಲಿಯೊಳಗೇ ಮೋಟರ್ ಇದ್ದರೆ ಅದಕ್ಕೆ ಚೈನ್ ಕೂಡಲ್ಲ. ಹಲ್ಲಿನ ಚಕ್ರ ಕೂಡುವ ಬೇರೆ ಗಾಲಿ ಬೇಕು.
2. ಕ್ಲಚ್ಚನ್ನು ಎಂಜಿನ್ ಶಾಫ್ಟಿನ ಮೇಲೇ ಹಾಕಿಸ್ರಿ. ನಡುವಿನ ಶಾಫ್ಟ್ ನಿಧಾನ ತಿರುಗತದೆ, ಅಲ್ಲಿ ಹಾಕಿದರೆ ಶೂ ಹಿಡಿಯಲ್ಲ.
3. ಚೈನು, ಚಕ್ರ ಒಂದೇ ನಂಬರಿನವು ಇರಲಿ. 420, 428 ಎರಡರ ಪಿಚ್ಚೂ 12.7 ಮಿ.ಮೀ., ಆದರೆ ಅಗಲ ಬೇರೆ, ರೋಲರ್ ಬೇರೆ. ಸಣ್ಣ ಬ್ಯಾಟರಿ ಸ್ಕೂಟರಿನ 25 ನಂಬರ್ ಚೈನು ಈ ಭಾರಕ್ಕೆ ತಡೆಯಲ್ಲ.
4. ಸ್ಟ್ಯಾಂಡ್ ಹಾಕಿ ಸ್ಟಾರ್ಟ್ ಮಾಡ್ರಿ. ಎಕ್ಸಿಲೇಟರ್ ಕೊಡದೆ ಗಾಲಿ ತಿರುಗಿದರೆ ಐಡ್ಲಿಂಗ್ ಇಳಿಸ್ರಿ.
5. ಚೈನ್ ಕವರ್, ಎಂಜಿನ್ ನಿಲ್ಲಿಸುವ ಸ್ವಿಚ್, ಒಳ್ಳೆ ಬ್ರೇಕ್ ಇಲ್ಲದೆ ಹತ್ತಬೇಡ್ರಿ. ಧೋತರದ ಅಂಚು, ಸೀರೆ ಸೆರಗು ಚೈನಿಗೆ ಸಿಕ್ಕರೆ ಬಿಡಿಸಲು ಟೈಮ್ ಸಿಗಲ್ಲ.

ಇದು ಹೊಲಕ್ಕೆ ಮಾತ್ರ

250 ವ್ಯಾಟಿಗಿಂತ ಕಡಿಮೆ, 25 ಕಿ.ಮೀ.ಗಿಂತ ನಿಧಾನದ ಬ್ಯಾಟರಿ ಸ್ಕೂಟರಿಗೆ ನೋಂದಣಿ ಬೇಡ. ಪೆಟ್ರೋಲ್ ಎಂಜಿನ್ ಕೂಡಿಸಿದ ಕ್ಷಣ ಆ ವಿನಾಯಿತಿ ಹೋಯ್ತು. ನೋಂದಣಿ ಆದ ಗಾಡಿಯನ್ನು ಹೀಗೆ ಬದಲಿಸೋದಕ್ಕೂ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರತದೆ. ಸಂತೆಗೆ, ಡಾಂಬರ್ ರಸ್ತೆಗೆ ತರಬೇಡ್ರಿ.

ಕೊನೆಗೊಂದು ಮಾತು. ಮೋಟರ್ ಚೆನ್ನಾಗಿದ್ದು ಬ್ಯಾಟರಿ ಮಾತ್ರ ಸತ್ತಿದ್ದರೆ ಮೊದಲು ಹೊಸ ಬ್ಯಾಟರಿಯ ರೇಟ್ ಕೇಳ್ರಿ. ಎಂಜಿನ್, ಕ್ಲಚ್, ಎರಡು ಚೈನು, ಲೇತ್ ಕೂಲಿ ಎಲ್ಲ ಕೂಡಿಸಿದಾಗ ಬ್ಯಾಟರಿಯೇ ಸೋವಿ ಬಿದ್ದೀತು. ಪೆಟ್ರೋಲೇ ಸೈ ಅನಿಸಿದರೆ, ಎಂಜಿನ್ ಕೊಳ್ಳುವ ಮುಂಚೆ ಟೇಪ್ ಹಿಡಿದು ಗಾಲಿ ಅಳೀರಿ, ಹಲ್ಲು ಎಣಿಸ್ರಿ. ನಾನು ಆ ಹತ್ತು ನಿಮಿಷ ಉಳಿಸಲು ಹೋಗಿ ಒಂದು ಕ್ಲಚ್ ಕಳಕೊಂಡೆ.